ಬೆಟ್ಟ ಇಳಿದ ಮೂರನೇ ದಿನ ತೊಡೆ ಯಾಕೆ ಹಿಡಿಯುತ್ತದೆ?

ಒಂದು ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದೆ. ವರ್ಷಗಳ ನಂತರ. ಹತ್ತುವಾಗ ಏದುಸಿರು, ನಂದಿ ಸಿಗುವಷ್ಟರಲ್ಲಿ ನಾಲ್ಕು ಸಲ ಕೂತಾಗಿತ್ತು. ದರ್ಶನ ಮುಗಿಸಿ, ಬಸ್ಸಿಗೆ ಕಾಯುವುದು ಯಾಕೆ ಅಂತ ಅದೇ ಮೆಟ್ಟಿಲಲ್ಲಿ ಇಳಿದು ಬಂದೆ. ಇಳಿಯುವಾಗ ಆರಾಮ. ಮಾತಾಡುತ್ತಾ, ಫೋಟೋ ತೆಗೆಯುತ್ತಾ ಬಂದೆ. ಕೆಳಗೆ ಮುಟ್ಟಿದಾಗ ತೊಡೆ ಸ್ವಲ್ಪ ನಡುಗುತ್ತಿತ್ತು, ಅಷ್ಟೇ.

ರಾತ್ರಿ ಏನೂ ಇರಲಿಲ್ಲ. ಸೋಮವಾರ ಹಾಸಿಗೆಯಿಂದ ಏಳುವಾಗ ಏನೋ ಬಿಗಿ. ಮಂಗಳವಾರ ಮಾತ್ರ ಮನೆಯ ಮೆಟ್ಟಿಲನ್ನು ಕಂಬಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಇಳಿಯಬೇಕಾಯಿತು. ಇಂಡಿಯನ್ ಟಾಯ್ಲೆಟ್‌ನಲ್ಲಿ ಪಟ್ಟ ಪಾಡು ಬೇಡ ಬಿಡಿ.

ಜಿಮ್‌ಗೆ ಹೋಗುವ ಪಕ್ಕದ ಮನೆಯ ಹುಡುಗ ನೋಡಿ ನಕ್ಕ. "ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ ಅಂಕಲ್. ನೀರು ಜಾಸ್ತಿ ಕುಡೀರಿ, ಸ್ಟ್ರೆಚ್ ಮಾಡಿ, ಹೋಗುತ್ತೆ" ಅಂದ. ಅವನಿಗೆ ಅವನ ಟ್ರೇನರ್ ಹೇಳಿದ್ದು. ಟ್ರೇನರ್‌ಗೆ ಇನ್ಯಾರೋ ಹೇಳಿದ್ದು. ನನಗೂ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಅದನ್ನೇ ಹೇಳಿದ್ದರು.

ಆದರೆ ಒಂದು ಲೆಕ್ಕ ಕೂಡಲಿಲ್ಲ. ಅದರ ಹಿಂದಿನ ವರ್ಷ ಅಲಿಪಿರಿಯಿಂದ ತಿರುಮಲಕ್ಕೆ ನಡೆದು ಹತ್ತಿದ್ದೆ. ಅಲ್ಲಿ 3550 ಮೆಟ್ಟಿಲು, ಚಾಮುಂಡಿಯ ಮೂರು ಪಟ್ಟಿಗಿಂತ ಜಾಸ್ತಿ. ಕಾಲು ಸೋತು ಹೋಗಿತ್ತು ನಿಜ, ಆದರೆ ಈ ಥರ ಹಿಡಿದುಕೊಂಡಿರಲಿಲ್ಲ. ಎರಡಕ್ಕೂ ಇದ್ದ ದೊಡ್ಡ ವ್ಯತ್ಯಾಸ ಒಂದೇ. ತಿರುಮಲದಿಂದ ಎಲ್ಲರ ಹಾಗೆ ನಾನೂ ಬಸ್ಸಿನಲ್ಲಿ ಇಳಿದಿದ್ದೆ.

ಲ್ಯಾಕ್ಟಿಕ್ ಆಸಿಡ್ ಮೇಲಿನ ಹಳೇ ಕೇಸು

ಈ ಆಸಿಡ್ಡಿಗೆ ಕೆಟ್ಟ ಹೆಸರು ಬಂದದ್ದು ಕಪ್ಪೆಯ ಕಾಲಿನಿಂದ. 1907ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ಎಂಬ ವಿಜ್ಞಾನಿಗಳು ಕಪ್ಪೆಯ ಸ್ನಾಯುವನ್ನು ದಣಿಸಿ ನೋಡಿದರು. ದಣಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಸಿಡ್ ಸೇರಿತ್ತು. ಆಮ್ಲಜನಕ ಕೊಟ್ಟಾಗ ಅದು ಕಡಿಮೆಯಾಯಿತು. ಮುಂದೆ ಇದೇ ವಿಷಯದ ಸುತ್ತ ಕೆಲಸ ಮಾಡಿದ ಎ.ವಿ. ಹಿಲ್ ಮತ್ತು ಓಟೋ ಮೇಯರ್‌ಹಾಫ್‌ಗೆ 1922ರ ನೊಬೆಲ್ ಸಿಕ್ಕಿತು. ಆಸಿಡ್ ಇದ್ದಲ್ಲಿ ದಣಿವು ಇದೆ, ದಣಿವು ಇದ್ದಲ್ಲಿ ನೋವಿದೆ, ಹಾಗಾಗಿ ನೋವಿಗೂ ಆಸಿಡ್ಡೇ ಕಾರಣ ಅಂತ ಜನ ಸುಲಭವಾಗಿ ಕೂಡಿಸಿಬಿಟ್ಟರು.

ಓಡುವಾಗ, ಬಸ್ಕಿ ಹೊಡೆಯುವಾಗ ಆ ಕ್ಷಣಕ್ಕೆ ತೊಡೆ ಉರಿಯುತ್ತದಲ್ಲ, ಆ ಉರಿಗೂ ಸ್ನಾಯುವಿನಲ್ಲಿ ಆಗ ಹೆಚ್ಚುವ ಆಮ್ಲೀಯತೆಗೂ ಸಂಬಂಧ ಇದೆ. ಅದು ನಿಂತ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ರಕ್ತದಲ್ಲಿ ಏರಿದ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ದೇಹದಲ್ಲಿ ಇರುವ ರೂಪ) ಕೂಡ ಒಂದು ಗಂಟೆಯ ಆಸುಪಾಸಿನಲ್ಲಿ ಮಾಮೂಲಿ ಮಟ್ಟಕ್ಕೆ ಬರುತ್ತದೆ. ಹೃದಯ ಅದನ್ನು ಇಂಧನವಾಗಿ ಉರಿಸುತ್ತದೆ, ಲಿವರ್ ಅದನ್ನು ಮತ್ತೆ ಸಕ್ಕರೆ ಮಾಡುತ್ತದೆ. ಭಾನುವಾರ ಮಧ್ಯಾಹ್ನವೇ ಖಾಲಿಯಾದ ವಸ್ತು ಮಂಗಳವಾರ ಬೆಳಿಗ್ಗೆ ಹೇಗೆ ನೋಯಿಸುತ್ತದೆ?

1983ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ನೇರವಾಗಿ ಪರೀಕ್ಷಿಸಿದರು. ಟ್ರೆಡ್‌ಮಿಲ್ ಮೇಲೆ ಮುಕ್ಕಾಲು ಗಂಟೆ ಓಟ. ಒಂದು ಕಡೆ ಸಮತಟ್ಟು, ಇನ್ನೊಂದು ಕಡೆ ಇಳಿಜಾರು. ಸಮತಟ್ಟಾಗಿ ಓಡಿದಾಗ ಲ್ಯಾಕ್ಟೇಟ್ ಚೆನ್ನಾಗಿ ಏರಿತು, ಮುಂದಿನ ದಿನಗಳಲ್ಲಿ ಹೇಳಿಕೊಳ್ಳುವಂಥ ನೋವು ಬರಲಿಲ್ಲ. ಇಳಿಜಾರಿನಲ್ಲಿ ಲ್ಯಾಕ್ಟೇಟ್ ಏರಲೇ ಇಲ್ಲ, ನೋವು ಮಾತ್ರ ಜೋರಾಗಿ ಬಂತು. ಕೇಸು ಅಲ್ಲಿಗೇ ಬಿದ್ದುಹೋಗಬೇಕಿತ್ತು. ನಲವತ್ತು ವರ್ಷ ಆದಮೇಲೂ ಜಿಮ್‌ಗಳಲ್ಲಿ ವಿಚಾರಣೆ ನಡೆಯುತ್ತಲೇ ಇದೆ.

ಸೋಲುವ ತಂಡದ ಅಂಗೈ

ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಗೆಲ್ಲುವ ತಂಡ ಎಳೆಯುತ್ತಾ ಹಿಂದೆ ಹೋಗುತ್ತದೆ. ಸೋಲುವ ತಂಡವೂ ಅಷ್ಟೇ ಜೋರಾಗಿ ಎಳೆಯುತ್ತಿರುತ್ತದೆ, ಆದರೆ ಮುಂದಕ್ಕೆ ಜಾರುತ್ತಿರುತ್ತದೆ. ಅಂಗೈ ಜಾಸ್ತಿ ತರಚಿಹೋಗುವುದು ಯಾರದು? ಬಿಡದೆ ಹಿಡಿದು ಜಾರಿದವರದು.

ಸ್ನಾಯುವಿಗೂ ಈ ಎರಡು ಪಾತ್ರ ಇವೆ. ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕ್. ಮಂಡಿ ಮಡಚುತ್ತಾ ಹೋಗುತ್ತದೆ, ಸ್ನಾಯು ಉದ್ದವಾಗುತ್ತಾ ಹೋಗುತ್ತದೆ, ಆದರೂ ಅದು ಬಿಗಿ ಹಿಡಿದೇ ಇರಬೇಕು. ಇಲ್ಲದಿದ್ದರೆ ನಾವು ಮೆಟ್ಟಿಲ ಮೇಲೆ ಕುಸಿಯುತ್ತೇವೆ. ಬಿಗಿ ಹಿಡಿದುಕೊಂಡೇ ಉದ್ದವಾಗುವ ಈ ಕೆಲಸವೇ ನಂತರದ ನೋವಿನ ಮುಖ್ಯ ಮೂಲ. ಜಿಮ್‌ನಲ್ಲಿ ಡಂಬಲ್ ಎತ್ತುವುದಕ್ಕಿಂತ ನಿಧಾನವಾಗಿ ಇಳಿಸುವುದು, ಬಸ್ಕಿಯಲ್ಲಿ ಏಳುವುದಕ್ಕಿಂತ ಕೂರುವುದು, ಎಲ್ಲ ಇದೇ ಜಾತಿ.

ತಮಾಷೆ ಏನೆಂದರೆ ಈ ಬ್ರೇಕಿನ ಕೆಲಸ ಆ ಹೊತ್ತಿಗೆ ಹಗುರ ಅನ್ನಿಸುತ್ತದೆ. 1952ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಒಂದು ಮಜವಾದ ಪ್ರದರ್ಶನ ನಡೆಯಿತು. ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಇಟ್ಟು ಒಂದೇ ಚೈನಿನಿಂದ ಜೋಡಿಸಿದ್ದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ತಿರುಗುವ ಪೆಡಲನ್ನು ತಡೆಯಬೇಕು. ತುಳಿಯುತ್ತಿದ್ದವನು ದಾಂಡಿಗ, ತಡೆಯುತ್ತಿದ್ದವಳು ಸಣ್ಣ ಮೈಕಟ್ಟಿನ ಹೆಂಗಸು. ಬೇಗ ಸುಸ್ತಾಗಿದ್ದು ಆ ಗಂಡಸು. ತಡೆಯುವ ಕೆಲಸಕ್ಕೆ ಅಷ್ಟು ಕಡಿಮೆ ಆಮ್ಲಜನಕ ಸಾಕು. ನಾನು ಮಾತಾಡುತ್ತಾ ಬೆಟ್ಟ ಇಳಿದದ್ದರ ಗುಟ್ಟೂ ಇದೇ.

ಈ ಅಗ್ಗದ ಕೆಲಸದಲ್ಲೇ ಬಲೆ ಇದೆ. ಅಷ್ಟೇ ಭಾರ ಇಳಿಸಲು ಎತ್ತುವಾಗಿನಷ್ಟು ಸ್ನಾಯುವಿನ ಎಳೆಗಳು ಬೇಕಾಗುವುದಿಲ್ಲ. ಹಾಗಾಗಿ ಕೆಲಸಕ್ಕೆ ನಿಂತ ಒಂದೊಂದು ಎಳೆಯ ಮೇಲೂ ಬೀಳುವ ಸೆಳೆತ ಜಾಸ್ತಿ. ಐದು ಜನ ಹೊರುವ ಹೊರೆಯನ್ನು ಮೂರು ಜನರ ಮೇಲೆ ಹಾಕಿದ ಹಾಗೆ.

ಇನ್ನೂ ಒಳಗೆ ಹೋಗೋಣ. ಸ್ನಾಯುವಿನ ಎಳೆಯ ಉದ್ದಕ್ಕೂ ಸಾರ್ಕೋಮಿಯರ್ ಎಂಬ ಚಿಕ್ಕ ಚಿಕ್ಕ ಕೊಂಡಿಗಳು ಸರಪಳಿಯಂತೆ ಸಾಲಾಗಿವೆ. ಒಂದು ಮಿಲಿಮೀಟರಿನಲ್ಲಿ ಸುಮಾರು 400. ಪ್ರತಿ ಕೊಂಡಿಯಲ್ಲೂ ಮಯೋಸಿನ್ ಎಂಬ ಪ್ರೋಟೀನ್ ಆಕ್ಟಿನ್ ಎಂಬ ಇನ್ನೊಂದನ್ನು ಹಿಡಿದು ಎಳೆಯುತ್ತದೆ. ಟೈಟಿನ್ ಎಂಬ ಮತ್ತೊಂದು ಪ್ರೋಟೀನ್ ಸ್ಪ್ರಿಂಗಿನ ಹಾಗೆ ಇವನ್ನು ಜಾಗದಲ್ಲಿ ಇಡುತ್ತದೆ. ಎಲ್ಲ ಕೊಂಡಿಗಳೂ ಸಮನಾಗಿ ಗಟ್ಟಿ ಇರುವುದಿಲ್ಲ. ಬಿಗಿ ಹಿಡಿದಿರುವಾಗ ಸ್ನಾಯುವನ್ನು ಹಿಗ್ಗಿಸಿದರೆ ದುರ್ಬಲ ಕೊಂಡಿಗಳು ಅಳತೆ ಮೀರಿ ಹಿಗ್ಗಿ, ಆಮೇಲೆ ಸರಿಯಾಗಿ ಕೂಡಿಕೊಳ್ಳದೆ ಉಳಿಯುತ್ತವೆ ಎಂದು 1990ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಮಾರ್ಗನ್ ವಿವರಿಸಿದರು. ಇದರ ವಿವರಗಳ ಬಗ್ಗೆ ಇನ್ನೂ ಜಗಳ ಇದೆ. ಆದರೆ ಕೊಂಡಿಗಳು ಕೆಡುತ್ತವೆ ಅನ್ನುವುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಅದಕ್ಕೂ ಮೊದಲೇ ಸಿಕ್ಕಿತ್ತು. 1981ರಲ್ಲಿ ಸ್ವೀಡನ್ನಿನ ಯಾನ್ ಫ್ರಿಡೆನ್ ಮತ್ತು ಜೊತೆಗಾರರು ಮೆಟ್ಟಿಲು ಇಳಿದು ಕಾಲು ನೋಯಿಸಿಕೊಂಡವರ ಸ್ನಾಯುವಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೊಂಡಿ ಕೊಂಡಿಗೂ ನಡುವೆ ನೆಟ್ಟಗೆ ಇರಬೇಕಿದ್ದ ಗೆರೆಗಳು ಅಲ್ಲಲ್ಲಿ ಕಲಸಿದಂತೆ ಹರಡಿದ್ದವು.

ಸ್ನಾಯು ಹರಿದಿರಬಹುದು ಅನ್ನುವ ಊಹೆಯಂತೂ ತುಂಬಾ ಹಳೆಯದು. 1902ರಲ್ಲೇ ಥಿಯೋಡೋರ್ ಹಫ್ ಎಂಬ ಅಮೆರಿಕನ್ ವಿಜ್ಞಾನಿ ಬೆರಳಿನ ಸ್ನಾಯುವಿಗೆ ಕೆಲಸ ಕೊಟ್ಟು ನೋಡಿ, ಆ ಕ್ಷಣದ ದಣಿವು ಬೇರೆ, ತಡವಾಗಿ ಬರುವ ನೋವು ಬೇರೆ ಎಂದು ಬರೆದಿದ್ದರು. ಎರಡನೆಯದಕ್ಕೆ ಸ್ನಾಯುವಿನೊಳಗಿನ ಸಣ್ಣ ಹರುಕುಗಳೇ ಕಾರಣ ಇರಬೇಕು ಅಂದಿದ್ದರು. ಜನ ಅವರನ್ನು ಮರೆತು ಆಸಿಡ್ಡಿನ ಹಿಂದೆ ಹೋದರು.

ಹರಿದದ್ದು ಭಾನುವಾರ, ನೋವು ಮಂಗಳವಾರ

ಇಲ್ಲಿಯವರೆಗೆ ಹೇಳಿದ್ದು ಅರ್ಧ ಕಥೆ. ಕೈ ಕೊಯ್ದುಕೊಂಡರೆ ಆಗಲೇ ನೋಯುತ್ತದೆ. ಸ್ನಾಯುವಿನ ಕೊಂಡಿ ಕೆಟ್ಟರೆ ಯಾಕೆ ಒಂದು ದಿನ ಕಾಯಬೇಕು?

ಹಾನಿ ಆಗುವುದು ಆಗಲೇ. ಶಕ್ತಿ ಕುಗ್ಗುವುದೂ ಆಗಲೇ. ಕೆಳಗೆ ಬಂದಾಗ ನನ್ನ ತೊಡೆ ನಡುಗಿದ್ದಕ್ಕೆ ದಣಿವಿನ ಜೊತೆ ಇದೂ ಒಂದು ಕಾರಣ. ಆಮೇಲೆ ಜೀವಕೋಶದೊಳಗೆ ಕ್ಯಾಲ್ಸಿಯಂ ಸೋರುತ್ತದೆ. ಅದು ಕೆಲವು ಕಿಣ್ವಗಳನ್ನು ಎಬ್ಬಿಸುತ್ತದೆ, ಅವು ಕೆಟ್ಟ ಪ್ರೋಟೀನುಗಳನ್ನು ಕತ್ತರಿಸತೊಡಗುತ್ತವೆ. ಕೆಲವು ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಬರುತ್ತವೆ. ಮೊದಲು ನ್ಯೂಟ್ರೋಫಿಲ್, ಅವುಗಳ ಹಿಂದೆ ಕಸ ಗುಡಿಸುವ ಮ್ಯಾಕ್ರೋಫೇಜ್. ಕೊನೆಗೆ ಸ್ನಾಯುವಿನ ಎಳೆಗಳ ಅಂಚಿನಲ್ಲಿ ಮಲಗಿರುವ ಸ್ಯಾಟಲೈಟ್ ಕೋಶಗಳು ಎದ್ದು ರಿಪೇರಿಗೆ ಕೈಜೋಡಿಸುತ್ತವೆ. ಇಷ್ಟೆಲ್ಲಾ ನಡೆಯುವಾಗ ಸ್ವಲ್ಪ ಊತವೂ ಇರುತ್ತದೆ.

ತುಂಬಾ ವರ್ಷ ವಿವರಣೆ ಇಲ್ಲಿಗೇ ಮುಗಿಯುತ್ತಿತ್ತು. ಉರಿಯೂತ ಆಗಿದೆ, ಅದಕ್ಕೆ ನೋವು. ಆದರೆ ಈ ನೋವಿನ ಸ್ವಭಾವ ಗಮನಿಸಿ. ಸುಮ್ನೆ ಕೂತರೆ ನೋವಿಲ್ಲ. ಒತ್ತಿದರೆ, ಹಿಗ್ಗಿಸಿದರೆ, ಎದ್ದರೆ ಮಾತ್ರ ಅಯ್ಯೋ ಅನ್ನಿಸುತ್ತದೆ. ಸ್ನಾಯು ತಾನಾಗಿ ಕೂಗುತ್ತಿಲ್ಲ, ಮುಟ್ಟಿದರೆ ಕೂಗುತ್ತಿದೆ. ಅಂದರೆ ಅಲ್ಲಿನ ನರಗಳ ಸೂಕ್ಷ್ಮತೆಯೇ ಬದಲಾಗಿದೆ.

ಇದನ್ನು ಬಿಡಿಸಿದ್ದರಲ್ಲಿ ದೊಡ್ಡ ಪಾಲು ಜಪಾನಿನ ನಗೋಯಾದ ಕಜೂಎ ಮಿಜುಮುರಾ ಅವರ ಗುಂಪಿನದು. ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಕೆಲಸವೂ ಅದೇ. 2010ರಲ್ಲಿ ಪ್ರಕಟವಾದ ಅವರ ಪ್ರಯೋಗ ಇಲಿಗಳ ಮೇಲೆ ನಡೆದದ್ದು. ವ್ಯಾಯಾಮದ ಹೊತ್ತಿನಲ್ಲಿ ಸ್ನಾಯುವಿನಲ್ಲಿ ಬ್ರಾಡಿಕೈನಿನ್ ಎಂಬ ವಸ್ತು ಕೆಲಸ ಮಾಡುತ್ತದೆ. ಅದು ನರ ಬೆಳವಣಿಗೆಯ ಅಂಶ ಎಂಬ ಪ್ರೋಟೀನನ್ನು ತಯಾರಿಸಲು ಸೂಚನೆ ಕೊಡುತ್ತದೆ. ಈ ಪ್ರೋಟೀನ್ ಸ್ನಾಯುವಿನ ಸಣ್ಣ ನರಗಳನ್ನು ಚುರುಕು ಮಾಡುತ್ತದೆ. ಬ್ರಾಡಿಕೈನಿನ್ ತಡೆಯುವ ಔಷಧಿಯನ್ನು ವ್ಯಾಯಾಮಕ್ಕೆ ಮೊದಲೇ ಕೊಟ್ಟರೆ ನೋವು ಬರಲಿಲ್ಲ. ಎರಡು ದಿನ ಬಿಟ್ಟು ಕೊಟ್ಟರೆ ಏನೂ ಉಪಯೋಗ ಆಗಲಿಲ್ಲ. ಅಷ್ಟು ಹೊತ್ತಿಗೆ ಸೂಚನೆ ಹೊರಟುಹೋಗಿರುತ್ತದೆ. ಆದರೆ ಆಗಲೂ ನರ ಬೆಳವಣಿಗೆಯ ಅಂಶವನ್ನು ತಡೆದರೆ ನೋವು ಇಳಿಯಿತು.

ತಡ ಆಗುವುದು ಇಲ್ಲೇ. ಜೀನ್ ಓದಬೇಕು, ಪ್ರೋಟೀನ್ ಕಟ್ಟಬೇಕು, ಅದು ನರಕ್ಕೆ ಮುಟ್ಟಬೇಕು. ಇಡ್ಲಿ ಹಿಟ್ಟು ರುಬ್ಬಿದ ತಕ್ಷಣ ಹುಳಿ ಬರುವುದಿಲ್ಲ, ಅಲ್ವಾ? ಮನುಷ್ಯರಲ್ಲೂ ಇದಕ್ಕೆ ಹೊಂದುವ ಸಾಕ್ಷಿ ಇದೆ. ಆರೋಗ್ಯವಂತರ ಸ್ನಾಯುವಿಗೆ ಈ ಪ್ರೋಟೀನನ್ನು ಚುಚ್ಚಿದರೆ ಸುಮ್ನೆ ಇದ್ದಾಗ ಹೆಚ್ಚು ನೋವಾಗುವುದಿಲ್ಲ, ಒತ್ತಿದರೆ ಮಾತ್ರ ಕೆಲವು ದಿನ ನೋಯುತ್ತದೆ. ವ್ಯಾಯಾಮದ ನಂತರದ ನೋವಿನದೇ ಪಡಿಯಚ್ಚು.

ಇನ್ನೊಂದು ಪಾತ್ರಧಾರಿ ಸ್ನಾಯುವಿನ ಹೊದಿಕೆ. ಮಟನ್ ಕತ್ತರಿಸುವಾಗ ಮಾಂಸದ ಮೇಲೆ ಬಿಳೀ ತೆಳು ಪೊರೆ ಕಾಣುತ್ತದಲ್ಲ, ಅದು. ವ್ಯಾಯಾಮದಿಂದ ನೋಯುತ್ತಿರುವ ಕಡೆ ಚುಚ್ಚಿ ಪರೀಕ್ಷಿಸಿದಾಗ ಮಾಂಸಕ್ಕಿಂತ ಈ ಪೊರೆಯೇ ಹೆಚ್ಚು ಸೂಕ್ಷ್ಮ ಆಗಿರುವುದು ಕಂಡಿದೆ. "ಸ್ನಾಯು ನೋವು" ಅನ್ನುವ ಹೆಸರೇ ಪೂರ್ತಿ ಸರಿ ಇಲ್ಲವೇನೋ.

ನೋವು ಅಂಕಪಟ್ಟಿಯೇ?

ಈಗ ರೀಲ್ಸ್ ತುಂಬಾ ಒಂದೇ ಮಾತು. ನೋವಿಲ್ಲದಿದ್ದರೆ ವರ್ಕೌಟ್ ವೇಸ್ಟ್. ಲೆಗ್ ಡೇ ಮರುದಿನ ಕುಂಟುತ್ತಾ ನಡೆಯುವ ವಿಡಿಯೋಗಳಿಗೆ ಲಕ್ಷ ಲಕ್ಷ ಲೈಕ್. ಹೊಸಬರು ಅದನ್ನು ನೋಡಿ ಮೊದಲ ವಾರವೇ ಮೈ ಮುರಿದುಕೊಳ್ಳುತ್ತಾರೆ, ಎರಡನೇ ವಾರ ಜಿಮ್ ಬಿಡುತ್ತಾರೆ. ಕಟ್ಟಿದ ವರ್ಷದ ಫೀಸು ಹೋಯಿತು.

ಮೇಲೆ ಹೇಳಿದ ಕಥೆ ಅರ್ಥವಾದರೆ ಈ ನಂಬಿಕೆ ಯಾಕೆ ಟೊಳ್ಳು ಅನ್ನುವುದೂ ಅರ್ಥವಾಗುತ್ತದೆ. ನೋವು ನರಗಳ ಸೂಕ್ಷ್ಮತೆಯ ವಿಷಯ. ಹಾನಿ ಎಳೆಗಳ ವಿಷಯ. ಬೆಳವಣಿಗೆ ಮೂರನೆಯ ವಿಷಯ. ಮೂರೂ ಜೊತೆಯಾಗಿ ಬರಬಹುದು, ಬರದೆಯೂ ಇರಬಹುದು. 2002ರಲ್ಲಿ ಕಜುನೋರಿ ನೊಸಾಕ ಮತ್ತು ಜೊತೆಗಾರರು ನೋವಿನ ಪ್ರಮಾಣವನ್ನೂ ಶಕ್ತಿ ಕುಗ್ಗುವುದು, ಊತ ಇಂಥ ಹಾನಿಯ ಗುರುತುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದನ್ನು ನೋಡಿ ಇನ್ನೊಂದನ್ನು ಹೇಳಲು ಆಗುವಂತಿರಲಿಲ್ಲ. ಮುಂದೆ ಮಿಜುಮುರಾ ಗುಂಪು ಎಳೆಗಳಿಗೆ ಎದ್ದು ಕಾಣುವ ಹಾನಿ ಇಲ್ಲದಾಗಲೂ ಇಲಿಗಳಲ್ಲಿ ಈ ನೋವನ್ನು ಕಂಡಿತು. ಬೆಳವಣಿಗೆಯ ಕಡೆಯಿಂದ ನೋಡಿದರೂ ಅಷ್ಟೇ. ಹೊಸಬರ ದೇಹ ಮೊದಮೊದಲು ಕಟ್ಟುವ ಪ್ರೋಟೀನಿನಲ್ಲಿ ಬಹುಪಾಲು ಹಾನಿಯ ರಿಪೇರಿಗೇ ಹೋಗುತ್ತದೆ. ಸ್ನಾಯು ನಿಜವಾಗಿ ದಪ್ಪ ಆಗತೊಡಗುವುದು ಆ ಹಾನಿ ಕಡಿಮೆಯಾದ ಮೇಲೆ.

ಇದರ ಇನ್ನೊಂದು ಪೇಚು ಲ್ಯಾಬಿನಲ್ಲಿ ಕಾದಿರುತ್ತದೆ. ಜಿಮ್ ಸೇರಿದ ಹುರುಪಿನಲ್ಲೇ ಕೆಲವರು ಫುಲ್ ಬಾಡಿ ಚೆಕಪ್ ಮಾಡಿಸುತ್ತಾರೆ. ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಬರುತ್ತದೆ. ಲಿವರ್ ಹೋಯಿತು ಅಂತ ಮನೆಯಲ್ಲಿ ಗಾಬರಿ. ಈ ಎರಡು ಕಿಣ್ವಗಳು ಲಿವರ್‌ನಲ್ಲಿ ಮಾತ್ರ ಇರುವುದಲ್ಲ, ಸ್ನಾಯುವಿನಲ್ಲೂ ಇವೆ. ಅಭ್ಯಾಸವಿಲ್ಲದ ಭಾರ ಎತ್ತಿದ ಆರೋಗ್ಯವಂತ ಗಂಡಸರಲ್ಲಿ ಇವು ವಾರವಾದರೂ ಏರಿಯೇ ಇದ್ದದ್ದನ್ನು 2008ರ ಒಂದು ಅಧ್ಯಯನ ತೋರಿಸಿದೆ. ಪರೀಕ್ಷೆಗೆ ರಕ್ತ ಕೊಡುವ ಮೊದಲು ಒಂದು ವಾರ ಭಾರ ಎತ್ತಬೇಡಿ, ಎತ್ತಿದ್ದರೆ ಡಾಕ್ಟರಿಗೆ ಹೇಳಿ.

ಬಾಮು, ಐಸು, ಮಾತ್ರೆ

ಸ್ಟ್ರೆಚಿಂಗ್ ಬಗ್ಗೆ ನಿರಾಸೆಯ ಸುದ್ದಿ. ಅಧ್ಯಯನಗಳನ್ನು ಒಟ್ಟು ಹಾಕಿ ತೂಗುವ ಕೊಕ್ರೇನ್ ಸಂಸ್ಥೆ 2011ರಲ್ಲಿ ಕೊಟ್ಟ ಲೆಕ್ಕದಂತೆ, 100 ಅಂಕದ ನೋವಿನ ಅಳತೆಯಲ್ಲಿ ಸ್ಟ್ರೆಚಿಂಗ್‌ನಿಂದ ಇಳಿಯುವುದು ಸುಮಾರು ಒಂದು ಅಂಕ. ಮೈ ಬಳುಕಲಿ ಅಂತ ಮಾಡಿ, ಬೇಡ ಅನ್ನುವುದಿಲ್ಲ. ನೋವಿಗೆ ಮದ್ದು ಅಂತ ಮಾಡಬೇಡಿ.

ಮಾಲಿಶ್ ಇದಕ್ಕಿಂತ ವಾಸಿ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಳ್ಳುವುದು ಕನಿಷ್ಠ ಹಿತವನ್ನಂತೂ ಕೊಡುತ್ತದೆ. ನಿಧಾನ ನಡಿಗೆಯಿಂದಲೂ ಆ ಹೊತ್ತಿಗೆ ನೋವು ತಗ್ಗುತ್ತದೆ, ಕೂತರೆ ಮತ್ತೆ ಬರುತ್ತದೆ. ನೀರು ಕುಡಿಯುವುದು ಒಳ್ಳೆಯದು, ಆದರೆ ತೊಳೆದುಹೋಗಲು ಅಲ್ಲಿ ಆಸಿಡ್ಡೇ ಇಲ್ಲ.

ಐಸ್ ನೀರಿನ ಟಬ್ ಈಗಿನ ಫ್ಯಾಶನ್. ನೋವು ಸ್ವಲ್ಪ ಕಡಿಮೆ ಆಗುವುದು ನಿಜ. ಆದರೆ 2015ರ ಒಂದು ಪ್ರಯೋಗದಲ್ಲಿ 12 ವಾರ ಭಾರ ಎತ್ತಿ, ಪ್ರತಿ ಸಲವೂ ತಣ್ಣೀರಿನಲ್ಲಿ ಕೂತವರ ಸ್ನಾಯು, ಹಗುರವಾಗಿ ಸೈಕಲ್ ತುಳಿದು ಮುಗಿಸಿದವರಷ್ಟು ಬೆಳೆಯಲಿಲ್ಲ. ಉರಿಯೂತ ನಾವು ತಿಳಿದಷ್ಟು ಶತ್ರು ಅಲ್ಲ, ರಿಪೇರಿಯವರೂ ಅದೇ ಗಾಡಿಯಲ್ಲಿ ಬರುತ್ತಾರೆ. ನೋವಿನ ಮಾತ್ರೆಯದೂ ಇದೇ ಕಥೆ. 2018ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ದಿನಕ್ಕೆ 1200 ಮಿಲಿಗ್ರಾಂ ಐಬುಪ್ರೊಫೆನ್ ನುಂಗುತ್ತಾ 8 ವಾರ ವ್ಯಾಯಾಮ ಮಾಡಿದ ಯುವಕ ಯುವತಿಯರ ಸ್ನಾಯುವಿನ ಬೆಳವಣಿಗೆ, ಕಡಿಮೆ ಪ್ರಮಾಣದ ಆಸ್ಪಿರಿನ್ ನುಂಗಿದವರದಕ್ಕೆ ಹೋಲಿಸಿದರೆ ಸುಮಾರು ಅರ್ಧ. ಅಪರೂಪಕ್ಕೆ ಒಂದು ಮಾತ್ರೆ ಬೇರೆ ಮಾತು. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುತ್ತದೆ ಅಂತ ವಾರಗಟ್ಟಲೆ ನುಂಗುವುದು ಬೇರೆ.

ಮಾತ್ರೆಯ ವಿಷಯದಲ್ಲಿ ನಿಜವಾಗಿ ಹೆದರಬೇಕಾದದ್ದು ಕಿಡ್ನಿಗೆ. ಬಹಳ ದಿನ ಬಿಟ್ಟು ಒಮ್ಮೆಲೇ ನೂರಾರು ಬಸ್ಕಿ, ಬಿಸಿಲಲ್ಲಿ ನೀರಿಲ್ಲದೆ ಓಟ, ಮೊದಲ ದಿನವೇ ಗಂಟೆಗಟ್ಟಲೆ ಸ್ಪಿನ್ನಿಂಗ್ (ನಿಂತಲ್ಲೇ ಸೈಕಲ್ ತುಳಿಯುವ) ಕ್ಲಾಸ್. ಇಂಥ ಕಡೆ ಅಪರೂಪಕ್ಕೆ ಸ್ನಾಯುವಿನ ಎಳೆಗಳು ದೊಡ್ಡ ಪ್ರಮಾಣದಲ್ಲಿ ಒಡೆಯುತ್ತವೆ. ಒಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಗೆ ಹಾನಿ ಮಾಡುತ್ತದೆ. ಇದನ್ನು ರಾಬ್ಡೊಮಯೋಲಿಸಿಸ್ ಅನ್ನುತ್ತಾರೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕೈಕಾಲು ವಿಪರೀತ ಊದಿಕೊಂಡರೆ, ಎತ್ತಲಾಗದಷ್ಟು ಸೋತರೆ ಬಾಮು ಹುಡುಕಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಈ ಸ್ಥಿತಿಯಲ್ಲಿ ನೋವಿನ ಮಾತ್ರೆ ಕಿಡ್ನಿಗೆ ಇನ್ನೊಂದು ಏಟು. ವ್ಯಾಯಾಮ ಮಾಡುತ್ತಿರುವಾಗಲೇ ಚಳಕ್ ಅಂದ ನೋವು, ಒಂದೇ ಕಾಲಿನ ಒಂದೇ ಜಾಗದ ನೋವು, ಕೀಲಿನ ನೋವು ಕೂಡ ಬೇರೆ ಜಾತಿಯವು. ಮಾಮೂಲಿ ಹಿಡಿತ ಎರಡೂ ಕಡೆ ಇರುತ್ತದೆ, ಎರಡು ಮೂರು ದಿನಕ್ಕೆ ತುದಿ ಮುಟ್ಟಿ, ವಾರದೊಳಗೆ ಹೋಗುತ್ತದೆ.

ಗರಡಿಯವರಿಗೆ ಗೊತ್ತಿದ್ದದ್ದು

ಈ ನೋವಿಗೆ ಇರುವ ಗಟ್ಟಿ ಮದ್ದು ಒಂದೇ. ಅದೇ ಕೆಲಸವನ್ನು ಇನ್ನೊಮ್ಮೆ ಮಾಡುವುದು. ಒಮ್ಮೆ ನೊಂದ ಸ್ನಾಯು ಎರಡನೇ ಸಲ ಅಷ್ಟು ನೋಯುವುದಿಲ್ಲ. ಈ ರಕ್ಷಣೆ ವಾರಗಟ್ಟಲೆ ಇರುತ್ತದೆ, ಕೆಲವು ಪ್ರಯೋಗಗಳಲ್ಲಿ ಆರು ತಿಂಗಳ ಹತ್ತಿರವೂ ಇತ್ತು. ಇನ್ನೂ ಆಶ್ಚರ್ಯ ಎಂದರೆ ಅದಕ್ಕೆ ಮೊದಲ ಸಲ ಪೂರ್ತಿ ನೋಯಬೇಕಾಗಿಯೂ ಇಲ್ಲ. 2001ರ ನೊಸಾಕ ಅವರ ಪ್ರಯೋಗದಲ್ಲಿ ಮೊದಲು ಕೇವಲ 6 ಸಲ ಭಾರ ಇಳಿಸಿದ್ದವರಿಗೂ ಎರಡು ವಾರದ ನಂತರ 24 ಸಲ ಇಳಿಸುವಾಗ ಒಳ್ಳೆಯ ರಕ್ಷಣೆ ಸಿಕ್ಕಿತು. ಹೇಗೆ ಅನ್ನುವುದರಲ್ಲಿ ಒಮ್ಮತ ಇಲ್ಲ. ನರಗಳು ಭಾರವನ್ನು ಹೆಚ್ಚು ಎಳೆಗಳಿಗೆ ಹಂಚಲು ಕಲಿಯುತ್ತವೆ, ಸರಪಳಿಗೆ ಹೊಸ ಕೊಂಡಿ ಸೇರುತ್ತದೆ, ಹೊದಿಕೆ ಗಟ್ಟಿಯಾಗುತ್ತದೆ ಅನ್ನುವ ಮೂರು ಉತ್ತರಗಳಿವೆ. ಮೂರೂ ಸ್ವಲ್ಪ ಸ್ವಲ್ಪ ನಿಜ ಇರಬಹುದು ಅಂತ ನನ್ನ ಎಣಿಕೆ.

ಗರಡಿ ಮನೆಯಲ್ಲಿ ಹೊಸ ಹುಡುಗನಿಗೆ ಮೊದಲ ದಿನ ಹತ್ತೋ ಹನ್ನೆರಡೋ ಬಸ್ಕಿ ಹೊಡೆಸಿ ಕಳಿಸುವ ಉಸ್ತಾದರಿಗೆ ಟೈಟಿನ್ ಗೊತ್ತಿರಲಿಕ್ಕಿಲ್ಲ. ಮರುದಿನ ಹುಡುಗ ವಾಪಸ್ ಬರಬೇಕು ಅನ್ನುವುದು ಗೊತ್ತಿತ್ತು.

ನಾನೂ ಅದನ್ನೇ ಮಾಡಿದೆ. ನೋವು ಹೋದಮೇಲೆ ದಿನ ಬಿಟ್ಟು ದಿನ ನಿಧಾನವಾಗಿ ಕೂರುವ ಹತ್ತು ಬಸ್ಕಿ. ಆಫೀಸಿನಲ್ಲಿ ಹತ್ತಲು ಲಿಫ್ಟ್, ಇಳಿಯಲು ಮೆಟ್ಟಿಲು. ನೋಡಿದವರು ಸೋಮಾರಿ ಅಂದುಕೊಂಡಿರಬೇಕು. ಮೂರು ವಾರದ ನಂತರ ಇನ್ನೊಂದು ಭಾನುವಾರ ಬೆಟ್ಟ ಹತ್ತಿ, ಅದೇ ಸಾವಿರ ಮೆಟ್ಟಿಲು ಇಳಿದೆ. ಹತ್ತುವಾಗ ಏದುಸಿರು ಹಾಗೇ ಇತ್ತು, ನಂದಿ ಸಿಗುವಷ್ಟರಲ್ಲಿ ಮತ್ತೆ ನಾಲ್ಕು ಸಲ ಕೂತೆ. ಮಂಗಳವಾರ ಬೆಳಿಗ್ಗೆ ಹಾಲು ತರಲು ಮನೆಯ ಮೆಟ್ಟಿಲು ಇಳಿದು ಗೇಟಿನವರೆಗೆ ಹೋದಮೇಲೆ, ಕಂಬಿ ಹಿಡಿಯಲೇ ಇಲ್ಲ ಅನ್ನುವುದು ನೆನಪಾಯಿತು.